ಕಥೆಯ ಒಗಟು, ಗಣಿಯ ಒಗಟು

ಕಥೆ ಮುಗಿದ ಮೇಲೆಯೇ ಕಥೆಯ ಚರ್ಚೆ ಮೊದಲಾಗುವುದು. ಇದೆಲ್ಲ ಕಟ್ಟಿದ ಕಥೆಯೆಂದು ಬಲ್ಲವರು ಕೂಡ ಅದರ ಕೊನೆಯನ್ನು ಕುರಿತು ತಿಂಗಳುಗಟ್ಟಲೆ ವಾದಿಸುವುದುಂಟು. ೨೦೦೯ನೆಯ ಮಾರ್ಚ್ ೨೦ರಂದು ಅಮೆರಿಕದ ದೂರದರ್ಶನದಲ್ಲಿ 'ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ' ಎಂಬ ವೈಜ್ಞಾನಿಕ ಕಥಾಮಾಲೆಯ ಕೊನೆಯ ಕಂತು ಪ್ರಸಾರವಾಯಿತು. ಅದರ ನಾಯಕಿಯೊಬ್ಬಳು ತನಗೆ ಬಾಲ್ಯದಿಂದ ಪರಿಚಿತವಾದ ಒಂದು ಹಾಡಿನ ಸ್ವರಗಳನ್ನು ಅಂಕಿಗಳಾಗಿ ಮಾಡಿ, ಆ ಅಂಕಿಗಳನ್ನೇ ಗುರಿಯೆಂದು ಕೊಟ್ಟು ಆಕಾಶನೌಕೆಯನ್ನು ಹಾರಿಸುತ್ತಾಳೆ. ನೌಕೆ ನಮ್ಮ ಭೂಮಿಯ ಸಮೀಪಕ್ಕೆ ಬಂದು ಮುಟ್ಟುತ್ತದೆ. ಆಮೇಲೆ ಆಕೆ ಬಯಲಿನಲ್ಲಿ ಮಾತನಾಡುತ್ತಿದ್ದವಳು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯವಾಗುತ್ತಾಳೆ. ಆಕೆ ಯಾರಾಗಿದ್ದಳು? ಹಾಡಿನಲ್ಲಿ ಭೂಮಿಯ ನೆಲೆ ಹೇಗೆ ಅಡಗಿತ್ತು? ಈ ಪ್ರಶ್ನೆಗಳನ್ನು ಪ್ರೇಕ್ಷಕರು ಇನ್ನೂ ಬಿಟ್ಟಿಲ್ಲ.

ನಮ್ಮ ಕೋಲಾರ ಚಿನ್ನದ ಗಣಿಯ ಸೀಮೆಗೂ ಇಂತಹ ಚರ್ಚೆಯೊಂದು ಬಂದಿತು. ಪ್ರಶಾಂತ್ ನೀಲ್ ಅವರು ನಿರ್ದೇಶಿಸಿದ 'ಕೆ.ಜಿ.ಎಫ್.' ಚಲನಚಿತ್ರದ ಮೊದಲ ಅಧ್ಯಾಯ ೨೦೧೮ನೆಯ ಡಿಸೆಂಬರ್ ೨೧ರಂದೂ ಎರಡನೆಯದು ೨೦೨೨ನೆಯ ಏಪ್ರಿಲ್ ೧೪ರಂದೂ ತೆರೆಕಂಡವು. ಅದು ವೈಜ್ಞಾನಿಕ ಕಥೆಯಲ್ಲ. ಆದರೂ ಅದರ ಕೊನೆ ಅದೇ ಜಾತಿಯ ಒಗಟು. ನಾಯಕನು ತನ್ನ ಚಿನ್ನವನ್ನೆಲ್ಲ ಹಡಗಿಗೆ ತುಂಬಿಕೊಂಡು ಸಮುದ್ರದ ನಡುವೆ ನಿಲ್ಲುತ್ತಾನೆ. ಹಡಗಿನ ಮೇಲೆ ದಾಳಿ ನಡೆಯುತ್ತದೆ. ನಾಯಕನೂ ಚಿನ್ನವೂ ನೀರಿನಲ್ಲಿ ಮುಳುಗುತ್ತವೆ. ಅನಂತರ ಮೂರನೆಯ ಅಧ್ಯಾಯವೊಂದುಂಟೆಂಬ ಸೂಚನೆ ಬರುತ್ತದೆ. ಬಂಗಾರಪೇಟೆಯಿಂದ ಕೋರಮಂಡಲ್, ಊರಿಗಾಂ, ಚಾಂಪಿಯನ್ ನಿಲ್ದಾಣಗಳನ್ನು ಹಾದು ಮಾರಿಕುಪ್ಪಂಗೆ ಹೋಗುವ ಕವಲು ರೈಲಿನ ಹಾದಿಯ ಹುಡುಗರಿಗೆ ಇದು ದೂರದ ಕಥೆಯಲ್ಲ. ಚಿತ್ರದ ದೃಶ್ಯಗಳನ್ನು ತೆಗೆದುದು ಅವರ ಊರಿನ ಸಯನೈಡ್ ದಿಬ್ಬಗಳ ಮೇಲೆಯೇ. ಕನ್ನಡ, ತಮಿಳು, ತೆಲುಗು ಮೂರರಲ್ಲಿಯೂ ಅವರು ಕೇಳಿದ ಪ್ರಶ್ನೆಗಳು ಒಂದೇ: ನಾಯಕ ಬದುಕಿದನೆ? ಚಿನ್ನ ಏನಾಯಿತು? ಆ ಸಂಗೀತಕ್ಕೆ ಮೈ ಜುಮ್ಮೆನ್ನುವುದೇಕೆ?

ಇಂತಹ ಚರ್ಚೆ ಕಾಲಹರಣವೆಂದು ಹಿರಿಯರು ಗದರಬಹುದು. ನಾನು ಹಾಗೆನ್ನಲಾರೆ. ಒಂದು ಊಹೆಯನ್ನು ಮುಂದಿಟ್ಟು ಅದಕ್ಕೆ ಆಧಾರ ಹುಡುಕುವುದು ವಿಜ್ಞಾನದ ಮೊದಲ ಮೆಟ್ಟಿಲೇ ಸರಿ. ಆದರೆ ಯಾವ ಪ್ರಶ್ನೆಗೆ ಯಾರಿಂದ ಉತ್ತರ ಬರಬೇಕೆಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಕೆಲವಕ್ಕೆ ನಿಸರ್ಗದ ನಿಯಮಗಳು ಉತ್ತರ ಕೊಡುತ್ತವೆ. ಕೆಲವಕ್ಕೆ ಕಥೆಯೊಳಗಿನ ಸಾಕ್ಷ್ಯ ಸಾಕು. ಉಳಿದವಕ್ಕೆ ಕಥೆಗಾರನ ಇಚ್ಛೆಯೊಂದೇ ಉತ್ತರ. ಮೂರನ್ನೂ ಬೆರಸಿದರೆ ವಾದ ಎಂದೆಂದಿಗೂ ಮುಗಿಯದು. ಈಗ ಒಂದೊಂದನ್ನಾಗಿ ಪರಿಶೀಲಿಸೋಣ.

ಚಿನ್ನದ ಭಾರ

ಚಿತ್ರದ 'ನರಾಚಿ' ಕಲ್ಪಿತ ಗಣಿ. ಅಲ್ಲಿ ಎಷ್ಟು ಚಿನ್ನ ದೊರೆಯಿತೆಂಬುದು ಕಥೆಗಾರನಿಗೆ ಬಿಟ್ಟದ್ದು. ನಿಜವಾದ ಗಣಿಯ ಲೆಕ್ಕ ನಮಗೆ ಗೊತ್ತಿದೆ. ಜಾನ್ ಟೇಲರ್ ಕಂಪನಿ ೧೮೮೦ರಲ್ಲಿ ಕೆಲಸ ಹಿಡಿದಂದಿನಿಂದ ೨೦೦೧ನೆಯ ಫೆಬ್ರವರಿ ೨೮ರಂದು ಗಣಿ ಮುಚ್ಚುವವರೆಗೆ, ಸುಮಾರು ೧೨೦ ವರ್ಷಗಳಲ್ಲಿ, ಇಲ್ಲಿಂದ ಹೊರಬಂದ ಚಿನ್ನ ಸುಮಾರು ೮೦೦ ಟನ್. ಅದನ್ನೆಲ್ಲ ಒಂದೇ ಹಡಗಿನಲ್ಲಿ ತುಂಬಿದೆವೆಂದು ಭಾವಿಸೋಣ.

ಚಿನ್ನ ನೀರಿಗಿಂತ ೧೯.೩ ಪಟ್ಟು ಸಾಂದ್ರ. ಒಂದು ಘನಮೀಟರ್ ನೀರು ಒಂದು ಟನ್ ತೂಗಿದರೆ ಅಷ್ಟೇ ಗಾತ್ರದ ಚಿನ್ನ ೧೯.೩ ಟನ್ ತೂಗುತ್ತದೆ. ೮೦೦ನ್ನು ೧೯.೩ರಿಂದ ಭಾಗಿಸಿದರೆ ದೊರೆಯುವುದು ಸುಮಾರು ೪೧.೫ ಘನಮೀಟರ್. ಎಂದರೆ ಪ್ರತಿ ಅಂಚೂ ಮೂರೂವರೆ ಮೀಟರಿಗಿಂತ ತುಸು ಕಡಮೆ ಇರುವ ಒಂದೇ ಒಂದು ಘನ. ಎಂಟು ಮೀಟರ್ ಉದ್ದ, ಆರು ಮೀಟರ್ ಅಗಲದ ತರಗತಿಯ ಕೋಣೆಯಲ್ಲಿ ಹರಡಿದರೆ ಅದು ಸೊಂಟದ ಮಟ್ಟಕ್ಕೆ ಬಂದೀತು, ಅಷ್ಟೆ. ಐದು ತಲೆಮಾರಿನ ಜನ ಮೂರು ಕಿಲೋಮೀಟರಿಗೂ ಹೆಚ್ಚು ಆಳದವರೆಗೆ ಇಳಿದು, ಬಂಡೆ ಒಡೆದು, ಪುಡಿಮಾಡಿ ತೆಗೆದುದೆಲ್ಲ ಒಂದು ಕೋಣೆಗೂ ತುಂಬದು! ಅದನ್ನು ತೆಗೆಯಲು ಒಡೆದ ಕಲ್ಲಿನ ಪುಡಿ ಮಾತ್ರ ಮೂರು ಕೋಟಿ ಟನ್ನಿಗೂ ಮಿಕ್ಕಿ ದಿಬ್ಬದಿಬ್ಬವಾಗಿ ಊರಿನ ಸುತ್ತ ನಿಂತಿದೆ.

ಈ ಭಾರಕ್ಕೆ ಹಡಗು ಮುಳುಗುವುದೆ? ಆರ್ಕಿಮಿಡೀಸನ ತತ್ತ್ವದಂತೆ ತೇಲುವ ವಸ್ತು ತನ್ನ ತೂಕದಷ್ಟೇ ತೂಕದ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ನೂರು ಮೀಟರ್ ಉದ್ದ, ಹದಿನೈದು ಮೀಟರ್ ಅಗಲದ ಹಡಗನ್ನು ಸುಲಭಕ್ಕಾಗಿ ಒಂದು ಪೆಟ್ಟಿಗೆಯೆಂದೆಣಿಸಿದರೆ, ೮೦೦ ಟನ್ ಹೇರಿದಾಗ ಅದು ಅರ್ಧ ಮೀಟರಿನಷ್ಟು ಮಾತ್ರ ಹೆಚ್ಚು ಇಳಿಯುವುದು. ಸಾಧಾರಣ ಸರಕಿನ ಹಡಗುಗಳು ಇದರ ಹಲವು ಪಟ್ಟು ಭಾರ ಹೊರುತ್ತವೆ. ಆದುದರಿಂದ ಚಿನ್ನದ ಭಾರದಿಂದ ಹಡಗು ಮುಳುಗಿತೆಂಬ ವಾದ ನಿಲ್ಲದು. ಹಡಗನ್ನು ಮುಳುಗಿಸುವುದು ಒಡೆದ ತಳದಿಂದ ಒಳನುಗ್ಗುವ ನೀರು.

ಮುಳುಗಿದ ಚಿನ್ನ ನಷ್ಟವಾಯಿತೆ? ಚಿನ್ನ ತುಕ್ಕು ಹಿಡಿಯುವುದಿಲ್ಲ. ಸಮುದ್ರದ ಉಪ್ಪುನೀರಿಗೆ ಅದು ಜಗ್ಗುವುದಿಲ್ಲ. ಹತ್ತು ಮೀಟರ್ ಆಳಕ್ಕೆ ಒಂದು ವಾಯುಮಂಡಲದಂತೆ ಒತ್ತಡ ಏರಿ, ಮೂರು ಸಾವಿರ ಮೀಟರಿನಲ್ಲಿ ಮುನ್ನೂರು ಪಟ್ಟಾದರೂ ಚಿನ್ನದ ಗಟ್ಟಿಗೆ ಏನೂ ಆಗದು. ಇದಕ್ಕೆ ನಿಜವಾದ ನಿದರ್ಶನವೇ ಉಂಟು. ೧೯೪೨ನೆಯ ಮೇ ತಿಂಗಳಲ್ಲಿ 'ಎಡಿನ್‌ಬರೋ' ಎಂಬ ಬ್ರಿಟಿಷ್ ಯುದ್ಧನೌಕೆ ೪೬೫ ಚಿನ್ನದ ಗಟ್ಟಿಗಳೊಡನೆ ಬ್ಯಾರೆಂಟ್ಸ್ ಸಮುದ್ರದಲ್ಲಿ ಮುಳುಗಿತು. ೧೯೮೧ರಲ್ಲಿ ಮುಳುಗುಗಾರರು ಸುಮಾರು ೨೪೫ ಮೀಟರ್ ಆಳಕ್ಕೆ ಇಳಿದು ೪೩೧ ಗಟ್ಟಿಗಳನ್ನು ಮೇಲೆತ್ತಿದರು. ಚಿತ್ರದ ಹಡಗು ಮುಳುಗುವುದೂ ಕಥೆಯ ಕಾಲಮಾನದಲ್ಲಿ ೧೯೮೧ರಲ್ಲಿಯೇ ಎಂಬುದು ಕಾಕತಾಳೀಯ. ಅಂತೂ ಚಿನ್ನದ ಪ್ರಶ್ನೆಗೆ ಉತ್ತರ ಸ್ಪಷ್ಟ: ಅದು ಇದ್ದಲ್ಲಿಯೇ ಇರುತ್ತದೆ, ಎತ್ತುವ ಖರ್ಚಿನದು ಬೇರೆ ಮಾತು. ನಾಯಕ ಬದುಕಿದನೆ ಎಂಬುದು ಮಾತ್ರ ಭೌತವಿಜ್ಞಾನದ ಪ್ರಶ್ನೆಯಲ್ಲ.

ನಾದದ ಪ್ರಶ್ನೆ

ಚಿತ್ರದ ಸಂಗೀತ ಕುಂದಾಪುರ ಕಡೆಯ ರವಿ ಬಸ್ರೂರು ಅವರದು. ಭಾರಿ ಚರ್ಮವಾದ್ಯಗಳ ಪೆಟ್ಟು, ಅದರ ಮೇಲೆ ಮೇಳದ ಕಂಠಗಳು. ಚಿತ್ರಮಂದಿರದಲ್ಲಿ ಎದೆಗೆ ಬಡಿದಂತಾದ ನಾದ ಮನೆಯ ಮೊಬೈಲಿನಲ್ಲಿ ಏಕೆ ಸಪ್ಪೆಯಾಗುತ್ತದೆ ಎಂಬುದು ಒಳ್ಳೆಯ ಪ್ರಶ್ನೆ.

ಶಬ್ದದ ವೇಗ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು ೩೪೩ ಮೀಟರ್. ಸೆಕೆಂಡಿಗೆ ಐವತ್ತು ಸಲ ಕಂಪಿಸುವ ಮಂದ್ರನಾದದ ತರಂಗದೂರ ೩೪೩ನ್ನು ೫೦ರಿಂದ ಭಾಗಿಸಿದಷ್ಟು, ಎಂದರೆ ಸುಮಾರು ಏಳು ಮೀಟರ್. ಇಷ್ಟು ದೊಡ್ಡ ಅಲೆಯನ್ನು ಬಲವಾಗಿ ಎಬ್ಬಿಸಬೇಕಾದರೆ ಬಹಳ ಗಾಳಿಯನ್ನು ಹಿಂದೆಮುಂದೆ ತಳ್ಳಬೇಕು. ಚಿತ್ರಮಂದಿರದ ದೊಡ್ಡ ಧ್ವನಿವರ್ಧಕದ ಅಗಲವಾದ ಪೊರೆ ಇದನ್ನು ಮಾಡಬಲ್ಲದು. ಬೆರಳುಗುರಿನಷ್ಟು ಪೊರೆ ಮಾಡಲಾರದು.

ಹಾಗಿದ್ದರೂ ಮೊಬೈಲಿನಲ್ಲಿ ತಮಟೆಯ ಮಂದ್ರ ಸ್ವಲ್ಪವಾದರೂ ಕೇಳಿಸುವುದಲ್ಲ? ಇಲ್ಲಿಯೇ ಕಿವಿಯ ಚಮತ್ಕಾರವಿರುವುದು. ಒಂದು ನಾದದಲ್ಲಿ ಮೂಲಕಂಪನದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನಗಳೂ ಸೇರಿರುತ್ತವೆ. ಮೂಲವನ್ನು ತೆಗೆದುಹಾಕಿದರೂ ಉಳಿದವುಗಳ ಅಂತರವನ್ನು ಅಳೆದು ಮಿದುಳು ಮೂಲವನ್ನು ತಾನೇ ತುಂಬಿಕೊಳ್ಳುತ್ತದೆ. ಹಳೆಯ ದೂರವಾಣಿ ಸೆಕೆಂಡಿಗೆ ೩೦೦ಕ್ಕಿಂತ ಕಡಮೆ ಇರುವ ಕಂಪನಗಳನ್ನು ಸಾಗಿಸುತ್ತಿರಲಿಲ್ಲ. ಗಂಡಸಿನ ಸ್ವರದ ಮೂಲಕಂಪನ ನೂರಿಪ್ಪತ್ತರ ಆಸುಪಾಸು. ಆದರೂ ಗಂಡುದನಿ ಗಂಡುದನಿಯಾಗಿಯೇ ಕೇಳುತ್ತಿತ್ತು. ಮೊಬೈಲಿನಲ್ಲಿ ತಮಟೆಯ ಸ್ವರವನ್ನು ನಾವು ಊಹಿಸಿಕೊಳ್ಳುತ್ತೇವೆ. ಎದೆಯನ್ನು ನಡುಗಿಸುವ ಶಕ್ತಿಯನ್ನು ಊಹಿಸಿಕೊಳ್ಳಲಾರೆವು.

ಹಡಗಿನ ಮೇಲಿನ ಗದ್ದಲ ನೀರೊಳಗೆ ಮುಳುಗುತ್ತಿರುವವನಿಗೆ ಕೇಳುವುದೆ ಎಂಬುದು ಇನ್ನೊಂದು ವಾದ. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು ೧೫೦೦ ಮೀಟರ್ ಓಡುತ್ತದೆ. ಆದರೆ ಗಾಳಿಯಿಂದ ನೀರಿಗೆ ಇಳಿಯುವುದೇ ಕಷ್ಟ. ಎರಡು ಮಾಧ್ಯಮಗಳ ಸಾಂದ್ರತೆಯಲ್ಲಿಯೂ ಶಬ್ದವೇಗದಲ್ಲಿಯೂ ಬಹಳ ಅಂತರವಿರುವುದರಿಂದ, ನೀರಿನ ಮೇಲೆ ನೇರವಾಗಿ ಬಿದ್ದ ಶಬ್ದಶಕ್ತಿಯಲ್ಲಿ ಸುಮಾರು ಸಾವಿರಕ್ಕೆ ಒಂದು ಪಾಲು ಮಾತ್ರ ಒಳಹೊಗುತ್ತದೆ. ಉಳಿದುದು ಪ್ರತಿಫಲಿಸಿ ಹಿಂದಿರುಗುತ್ತದೆ. ಹಿನ್ನೆಲೆ ಸಂಗೀತವಂತೂ ಪ್ರೇಕ್ಷಕನಿಗಾಗಿ ಇದೆಯೇ ಹೊರತು ಕಥೆಯೊಳಗಿನವರಿಗಲ್ಲ. ಮೊದಲು ಕೇಳಿದ ಸ್ವರಪಂಕ್ತಿ ಕೊನೆಯಲ್ಲಿ ಮರಳಿದಾಗ ಅದರೊಡನೆ ಹಿಂದಿನ ದೃಶ್ಯಗಳೂ ನೆನಪಿಗೆ ಬಂದು ಮನಸ್ಸು ಕಲಕುತ್ತದೆ. ಅಲ್ಲಿ ಭೌತವಿಜ್ಞಾನಿ ಮನೋವಿಜ್ಞಾನಿಗೆ ಪೀಠ ಬಿಟ್ಟುಕೊಡಬೇಕು.

ಸ್ವರದಲ್ಲಿ ಅಂಕಿ

ಹಾಡಿನಲ್ಲಿ ಭೂಮಿಯ ನೆಲೆ ಅಡಗಿರಬಹುದೆ? ಸ್ವರವನ್ನು ಅಂಕಿಯೊಡನೆ ಹೊಂದಿಸುವುದು ನಮ್ಮವರಿಗೆ ಹೊಸದಲ್ಲ. ಕರ್ನಾಟಕ ಸಂಗೀತದ ಎಪ್ಪತ್ತೆರಡು ಮೇಳರಾಗಗಳ ಹೆಸರುಗಳಲ್ಲಿ ಕಟಪಯಾದಿ ಸೂತ್ರದಿಂದ ಅವುಗಳ ಕ್ರಮಸಂಖ್ಯೆಯನ್ನು ಅಡಗಿಸಿದ್ದಾರೆ. 'ಧೀರಶಂಕರಾಭರಣ'ದಲ್ಲಿ ಧ ಒಂಬತ್ತು, ರ ಎರಡು. ಬಲದಿಂದ ಎಡಕ್ಕೆ ಓದಿದರೆ ೨೯ನೆಯ ಮೇಳ. 'ಮೇಚಕಲ್ಯಾಣಿ'ಯಲ್ಲಿ ಮ ಐದು, ಚ ಆರು, ಆದುದರಿಂದ ೬೫ನೆಯದು.

ಒಂದು ಸ್ಥಾಯಿಯ ಹನ್ನೆರಡು ಸ್ವರಸ್ಥಾನಗಳಿಂದ ಹತ್ತು ಸ್ವರಗಳ ಪಂಕ್ತಿಗಳನ್ನು ಕಟ್ಟಿದರೆ ಆರು ಸಾವಿರ ಕೋಟಿಗೂ ಹೆಚ್ಚು ಬೇರೆಬೇರೆ ಪಂಕ್ತಿಗಳಾಗುತ್ತವೆ. ಆಕಾಶದ ನೆಲೆಗಳನ್ನು ಗುರುತಿಸಲು ಅಂಕಿಗಳಿಗೆ ಕೊರತೆಯಿಲ್ಲವೆಂದಾಯಿತು. ಕೊರತೆ ಇರುವುದು ಒಪ್ಪಂದಕ್ಕೆ. ಅಳತೆ ಎಲ್ಲಿಂದ ಮೊದಲು, ಯಾವ ದಿಕ್ಕಿಗೆ, ಯಾವ ಮಾನದಲ್ಲಿ ಎಂಬುದನ್ನು ಕಳಿಸಿದವನೂ ಪಡೆದವನೂ ಮೊದಲೇ ಒಪ್ಪಿಕೊಂಡಿರದಿದ್ದರೆ ಅಂಕಿ ಬರಿಯ ಅಂಕಿ. ಕಟಪಯಾದಿ ಸೂತ್ರ ತಿಳಿಯದವನಿಗೆ ಧೀರಶಂಕರಾಭರಣದಲ್ಲಿ ಇಪ್ಪತ್ತೊಂಬತ್ತು ಕಾಣದು. ನಾಯಕಿಗೆ ಆ ಸೂತ್ರವನ್ನು ಕೊಟ್ಟವರು ಯಾರೆಂದು ಕೇಳಿದರೆ, ಅದು ಕಥೆಗಾರನ ಕೃಪೆ.

ನೆಲದಾಳದ ನಿಜವಾದ ಒಗಟು

ಇಷ್ಟು ಹೇಳಿದುದು ಮುಂದಿನ ಮಾತಿಗೆ ಪೀಠಿಕೆ. ಚಿತ್ರದ ಒಗಟಿಗಿಂತ ದೊಡ್ಡ ಒಗಟೊಂದು ಇದೇ ಗಣಿಯಲ್ಲಿ ನಿಜವಾಗಿಯೂ ಹುಟ್ಟಿತು.

ಆಕಾಶದಿಂದ ವಿಶ್ವಕಿರಣಗಳು ಸದಾ ಸುರಿಯುತ್ತಿರುತ್ತವೆ. ಅವು ವಾಯುಮಂಡಲಕ್ಕೆ ತಾಗಿದಾಗ ಹುಟ್ಟುವ ಮ್ಯೂಯಾನ್ ಕಣಗಳು ನಮ್ಮ ಅಂಗೈಯಷ್ಟು ಜಾಗದಲ್ಲಿ ನಿಮಿಷಕ್ಕೆ ಸುಮಾರು ನೂರರಂತೆ ಹಾದುಹೋಗುತ್ತವೆ. ಅದೇ ತಾಗುವಿಕೆಯಲ್ಲಿ ನ್ಯೂಟ್ರಿನೋಗಳೂ ಹುಟ್ಟುತ್ತವೆ. ಇವು ಯಾವುದನ್ನೂ ಲೆಕ್ಕಿಸದೆ ಇಡೀ ಭೂಮಿಯನ್ನೇ ತೂರಿ ಹೋಗಬಲ್ಲವು. ಕೋಟಿಕೋಟಿಗಳಲ್ಲಿ ಒಂದೆರಡು ಮಾತ್ರ ಬಂಡೆಗೆ ತಾಗಿ ಗುರುತು ಬಿಡುತ್ತವೆ. ನೆಲದ ಮೇಲೆ ಮ್ಯೂಯಾನುಗಳ ಮಳೆಯಲ್ಲಿ ಆ ಗುರುತು ಸಂತೆಯಲ್ಲಿ ಪಿಸುಮಾತಿದ್ದಂತೆ. ಸಂತೆಯಿಂದ ದೂರ ಹೋಗಬೇಕಾದರೆ ನೆಲದಾಳಕ್ಕೆ ಇಳಿಯಬೇಕು.

ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯವರು ಹಾಗೆಯೇ ಮಾಡಿದರು. ನಂಜನಗೂಡಿನಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್ ಅವರು ೧೯೫೦ರ ದಶಕದಲ್ಲಿಯೇ ಕೋಲಾರದ ಗಣಿಯಲ್ಲಿ ಬೇರೆಬೇರೆ ಆಳಗಳಲ್ಲಿ ಮ್ಯೂಯಾನುಗಳನ್ನು ಎಣಿಸಿದರು. ಆಮೇಲೆ ಅತ್ಯಂತ ಆಳದಲ್ಲಿ ತಿಂಗಳುಗಟ್ಟಲೆ ಕಾದರೂ ಒಂದೂ ದೊರೆಯದಿದ್ದಾಗ, ನ್ಯೂಟ್ರಿನೋವನ್ನು ಹುಡುಕಲು ಇದೇ ತಕ್ಕ ಜಾಗವೆಂದು ಗೊತ್ತಾಯಿತು. ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾನಿಲಯಗಳ ವಿಜ್ಞಾನಿಗಳು ಜೊತೆಗೂಡಿದರು. ಚಾಂಪಿಯನ್ ರೀಫ್ ಗಣಿಯಲ್ಲಿ ೨.೩ ಕಿಲೋಮೀಟರ್ ಆಳದಲ್ಲಿ, ಕಣ ಹಾದಾಗ ಮಿನುಗುವ ಪ್ಲಾಸ್ಟಿಕ್ ಹಲಗೆಗಳನ್ನೂ ನಿಯಾನ್ ತುಂಬಿದ ಗಾಜಿನ ನಳಿಗೆಗಳನ್ನೂ ಗೋಡೆಯಂತೆ ನಿಲ್ಲಿಸಿದರು. ಗೋಡೆಯಂತೆ ಏಕೆ? ಉಳಿದ ಅಲ್ಪಸ್ವಲ್ಪ ಮ್ಯೂಯಾನುಗಳು ಮೇಲಿನಿಂದಲೇ ಬರಬೇಕು. ಪಕ್ಕದಿಂದ ಬಂದುದು ನ್ಯೂಟ್ರಿನೋ ಬಂಡೆಗೆ ತಾಗಿ ಹುಟ್ಟಿದ್ದೆಂದು ಹೇಳಬಹುದು. ೧೯೬೫ರಲ್ಲಿ ಆ ಗುರುತು ದೊರೆಯಿತು. ಅದೇ ವರ್ಷ ದಕ್ಷಿಣ ಆಫ್ರಿಕದ ಇನ್ನೊಂದು ಚಿನ್ನದ ಗಣಿಯಲ್ಲಿಯೂ ದೊರೆಯಿತು. ವಾಯುಮಂಡಲದ ನ್ಯೂಟ್ರಿನೋವನ್ನು ಮನುಷ್ಯ ಮೊದಲು ಕಂಡುದು ಹೀಗೆ.

ಒಗಟು ಬಂದುದು ಆ ಬಳಿಕ. ೧೯೭೫ರಲ್ಲಿ ಈ ತಂಡದವರು ಕೆಲವು ವಿಚಿತ್ರ ದಾಖಲೆಗಳನ್ನು ಪ್ರಕಟಿಸಿದರು. ಅವುಗಳಲ್ಲಿ ಎರಡು ಮೂರು ಕಣಗಳ ಗೆರೆಗಳು ಒಂದು ಬಿಂದುವಿನಿಂದ ಕವಲೊಡೆದಂತಿದ್ದವು. ಆ ಬಿಂದು ಬಂಡೆಯೊಳಗಿದ್ದಿದ್ದರೆ ಆಶ್ಚರ್ಯವಿರಲಿಲ್ಲ. ಅದು ಬಂಡೆಗೂ ಉಪಕರಣಕ್ಕೂ ನಡುವಣ ಗಾಳಿಯಲ್ಲಿಯೋ ತೆಳುವಾದ ಉಪಕರಣದಲ್ಲಿಯೋ ಇದ್ದಂತೆ ತೋರಿತು! ಅಷ್ಟು ತೆಳುವಾದ ಗಾಳಿಗೆ ನ್ಯೂಟ್ರಿನೋ ತಾಗುವುದು ಹೆಚ್ಚು ಕಡಮೆ ಅಸಂಭವ. ನ್ಯೂಟ್ರಿನೋ ಬಂಡೆಗೆ ತಾಗಿ ಹೊಸದೊಂದು ಭಾರವಾದ ಕಣವನ್ನು ಹುಟ್ಟಿಸಿರಬೇಕು, ಅದು ಬಂಡೆಯಿಂದ ಹೊರಬಂದು ಗಾಳಿಯಲ್ಲಿ ಒಡೆದಿರಬೇಕು ಎಂಬುದು ಅವರ ಊಹೆ. ಅದರ ಆಯುಷ್ಯ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲಿನ ಆಸುಪಾಸು. ಆ ಅವಧಿಯಲ್ಲಿ ಬೆಳಕು ಓಡುವುದು ಮೂವತ್ತು ಸೆಂಟಿಮೀಟರ್. ಬೆಳಕಿನ ವೇಗಕ್ಕೆ ತೀರ ಸಮೀಪವಾಗಿ ಓಡುವ ಕಣದ ಗಡಿಯಾರ ನಮಗೆ ಹತ್ತು ಪಟ್ಟು ನಿಧಾನವಾಗಿ ಕಂಡರೆ, ಐನ್‌ಸ್ಟೈನನ ಸಿದ್ಧಾಂತದಂತೆ ಅದು ಸುಮಾರು ಮೂರು ಮೀಟರ್ ದಾಟಬಲ್ಲದು. ಲೆಕ್ಕವೇನೋ ಹೊಂದುತ್ತದೆ.

ಇಲ್ಲಿಯೂ ಚರ್ಚೆ ನಡೆಯಿತು. ಆದರೆ ಅದರ ರೀತಿಯೇ ಬೇರೆ. ಗೆರೆಗಳನ್ನು ಹಿಂದಕ್ಕೆಳೆದು ಕೂಡುವ ಬಿಂದುವನ್ನು ಹುಡುಕುವಾಗ ಸಣ್ಣ ತಪ್ಪು ದೊಡ್ಡದಾಗದೆ? ಬೆರಳೆಣಿಕೆಯ ದಾಖಲೆಗಳಿಂದ ಹೊಸ ಕಣವನ್ನು ಸಾರಬಹುದೆ? ಇಂತಹ ಪ್ರಶ್ನೆಗಳು ಮಾತಿನಿಂದ ತೀರಲಾರವು. ಯೂರೋಪಿನ ಸೆರ್ನ್ ಮತ್ತು ಅಮೆರಿಕದ ಫರ್ಮಿ ಪ್ರಯೋಗಶಾಲೆಗಳಲ್ಲಿ ಕಣವೇಗವರ್ಧಕಗಳ ನ್ಯೂಟ್ರಿನೋ ಧಾರೆಯಲ್ಲಿ ಅಂತಹ ಕಣಕ್ಕಾಗಿ ಹುಡುಕಿದರು. ಅದು ಸಿಕ್ಕಲಿಲ್ಲ. ಕೋಲಾರದ ದಾಖಲೆಗಳು ಸುಳ್ಳೆಂದು ಇದರಿಂದ ಸಿದ್ಧವಾಗಲಿಲ್ಲ, ನಿಜವೆಂದೂ ಸಿದ್ಧವಾಗಲಿಲ್ಲ. ೨೦೧೪ರಲ್ಲಿ ಎಂ. ವಿ. ಎನ್. ಮೂರ್ತಿ ಮತ್ತು ಜಿ. ರಾಜಶೇಖರನ್ ಎಂಬ ವಿಜ್ಞಾನಿಗಳು ಅವು ವಿಶ್ವದಲ್ಲಿ ಅಡಗಿರುವ ಕಾಣದ ದ್ರವ್ಯದ ಕಣಗಳು ಒಡೆದ ಗುರುತಾಗಿರಬಹುದೆ ಎಂದು ಪ್ರಶ್ನೆಯನ್ನು ಮತ್ತೆ ಎತ್ತಿದರು. 'ಕೋಲಾರದ ಘಟನೆಗಳು' ಎಂಬ ಹೆಸರು ಭೌತವಿಜ್ಞಾನದಲ್ಲಿ ಹಾಗೆಯೇ ನಿಂತಿದೆ.

ಇನ್ನೊಂದು ಅಧ್ಯಾಯವೂ ಉಂಟು. ಪ್ರೋಟಾನ್ ಚಿರಂಜೀವಿಯೆ, ಅಲ್ಲವೆ ಎಂದು ತಿಳಿಯಲು ಇಲ್ಲಿ ೧೯೮೦ರಲ್ಲಿ ೧೪೦ ಟನ್ನಿನ ಉಪಕರಣ ಕೆಲಸ ಮೊದಲುಮಾಡಿತು. ಮುಂದಿನ ಒಂದೆರಡು ವರ್ಷಗಳಲ್ಲಿ ಪ್ರೋಟಾನ್ ಕ್ಷಯದಂತೆ ಕಾಣುವ ಕೆಲವು ಗುರುತುಗಳು ದೊರೆತವು. ಆದರೆ ನ್ಯೂಟ್ರಿನೋಗಳೂ ಅಂತಹ ಗುರುತು ಮೂಡಿಸಬಲ್ಲವು. ಜಪಾನಿನ ಕಮಿಯೋಕಾದಲ್ಲಿಯೂ ಅಮೆರಿಕದ ಒಹಾಯೋ ಪ್ರಾಂತದ ಉಪ್ಪಿನ ಗಣಿಯಲ್ಲಿಯೂ ಸಾವಿರಾರು ಟನ್ ನೀರು ತುಂಬಿದ ದೊಡ್ಡ ಉಪಕರಣಗಳು ಪ್ರೋಟಾನ್ ಕ್ಷಯವನ್ನು ಕಾಣಲಿಲ್ಲ. ಅದು ಕ್ಷಯಿಸುವುದಾದರೂ ಅತ್ಯಂತ ನಿರೀಕ್ಷಿತವಾದ ದಾರಿಯಲ್ಲಿ ಅದರ ಆಯುಷ್ಯ ಒಂದರ ಮುಂದೆ ೩೪ ಸೊನ್ನೆಯಿಟ್ಟಷ್ಟು ವರ್ಷಗಳಿಗೂ ಮಿಕ್ಕಿದ್ದೆಂದು ಈಗ ತಿಳಿದಿದೆ. ಇತ್ತ ಕೋಲಾರದಲ್ಲಿ ಮೊದಲು ಕಂಡ ವಾಯುಮಂಡಲದ ನ್ಯೂಟ್ರಿನೋಗಳನ್ನೇ ಜಪಾನಿನಲ್ಲಿ ಅಳೆದು, ಅವು ದಾರಿಯಲ್ಲಿ ಜಾತಿ ಬದಲಿಸುತ್ತವೆಂದು ತೋರಿಸಿದ ಕಜಿತಾ ಅವರು ೨೦೧೫ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು.

ಎರಡು ಬಗೆಯ ಚರ್ಚೆ

ಕಥೆಯ ಒಗಟಿಗೂ ನಿಸರ್ಗದ ಒಗಟಿಗೂ ಇರುವ ಭೇದ ಈಗ ತಿಳಿಯಾಗುತ್ತದೆ. ಮೂರನೆಯ ಅಧ್ಯಾಯ ಬಂದು ನಾಯಕ ಬದುಕಿದ್ದಾನೆಂದು ತೋರಿಸಿದರೆ ಅವನು ಬದುಕಿದನು, ಬದುಕಿಲ್ಲವೆಂದರೆ ಇಲ್ಲ. ಕಥೆಗಾರನ ಮಾತಿಗೆ ಮೇಲ್ಮನವಿಯಿಲ್ಲ. ನಿಸರ್ಗದ ಒಗಟಿಗೆ ಅಂತಹ ಒಡೆಯನಿಲ್ಲ. ಕಂಡವರು ಎಷ್ಟೇ ದೊಡ್ಡವರಾದರೂ ಇನ್ನೊಬ್ಬರಿಗೆ, ಇನ್ನೊಂದು ಊರಿನಲ್ಲಿ, ಬೇರೆ ಉಪಕರಣದಲ್ಲಿ ಅದು ಕಾಣಬೇಕು. ಕಾಣದಿದ್ದರೆ ನಮ್ಮ ಊರಿನ ಹೆಮ್ಮೆಗಾಗಿ ಅದನ್ನು ನಿಜವೆನ್ನುವಂತಿಲ್ಲ. ನಮಗೆ ಹಿಡಿಸಲಿಲ್ಲವೆಂದು ಸುಳ್ಳೆನ್ನುವಂತೆಯೂ ಇಲ್ಲ. ತೀರ್ಪನ್ನು ತಡೆಹಿಡಿದು ಕಾಯುವುದು ಕಷ್ಟದ ವಿದ್ಯೆ. ಅದನ್ನು ಕಲಿತವನೇ ವಿಜ್ಞಾನದ ವಿದ್ಯಾರ್ಥಿ.

ಈ ಪ್ರಯೋಗಶಾಲೆಯನ್ನು ೧೯೯೨ರಲ್ಲಿ ಮುಚ್ಚಿದರು. ೨೦೦೧ರಲ್ಲಿ ಗಣಿಯೂ ಮುಚ್ಚಿತು. ನೀರೆತ್ತುವ ಯಂತ್ರಗಳು ನಿಂತಮೇಲೆ ಸುರಂಗಗಳಲ್ಲಿ ನೀರು ತುಂಬಿತು. ವಿಜ್ಞಾನಿಗಳನ್ನೂ ಅವರ ಉಪಕರಣಗಳನ್ನೂ ಪಂಜರದಲ್ಲಿ ಇಳಿಸಿದವರು, ಬಂಡೆಗೆ ಆಧಾರ ಕೊಟ್ಟವರು, ಕಾದ ಬಂಡೆಯ ನಡುವೆ ಗಾಳಿ ಹರಿಯಿಸಿದವರು ಗಣಿಯ ಕಾರ್ಮಿಕರು. ಅವರ ಮೊಮ್ಮಕ್ಕಳಲ್ಲಿ ಹಲವರು ಈಗ ಕಾಲೇಜುಗಳಲ್ಲಿ ಓದುತ್ತಿದ್ದಾರೆ. ತಮ್ಮ ಊರೆಂದರೆ ತೆರೆಯ ಮೇಲಿನ ನರಾಚಿಯೊಂದೇ ಎಂದು ಅವರು ತಿಳಿದರೆ ಅದು ಚಿನ್ನ ಮುಳುಗಿದುದಕ್ಕಿಂತ ದೊಡ್ಡ ನಷ್ಟ. ಚಿತ್ರವನ್ನು ಸಂತೋಷವಾಗಿ ನೋಡಲಿ, ವಾದಿಸಲಿ. ಅದರ ಜೊತೆಗೆ ಅಜ್ಜನೋ ತಾತನೋ ಇಳಿದ ಆ ಆಳದಲ್ಲಿ ಕೇಳಿದ ಪ್ರಶ್ನೆಯೊಂದು ಇನ್ನೂ ಉತ್ತರಕ್ಕಾಗಿ ಕಾದಿದೆ ಎಂಬುದನ್ನೂ ತಿಳಿದಿರಲಿ.

ಅಭ್ಯಾಸಕ್ಕೆ

೧. ಹದಿನೈದು ಲೀಟರ್ ಹಿಡಿಯುವ ಕೊಡದ ತುಂಬ ಚಿನ್ನವಿದ್ದರೆ ಅದರ ತೂಕವೆಷ್ಟು? ಅದನ್ನು ಒಬ್ಬನು ಎತ್ತಬಲ್ಲನೆ?

೨. ಸೆಕೆಂಡಿಗೆ ಐವತ್ತು ಕಂಪನಗಳ ನಾದದ ತರಂಗದೂರ ನೀರಿನಲ್ಲಿ ಎಷ್ಟು?

೩. ೧೪೦ ಟನ್ ದ್ರವ್ಯದಲ್ಲಿ ಪ್ರೋಟಾನ್ ಮತ್ತು ನ್ಯೂಟ್ರಾನ್‌ಗಳ ಒಟ್ಟು ಸಂಖ್ಯೆಯನ್ನು ಆವೊಗಾಡ್ರೋ ಸಂಖ್ಯೆಯಿಂದ ಗಣಿಸಿರಿ. ಅವುಗಳ ಸರಾಸರಿ ಆಯುಷ್ಯ ಒಂದರ ಮುಂದೆ ೩೧ ಸೊನ್ನೆಯಿಟ್ಟಷ್ಟು ವರ್ಷಗಳಾದರೆ ವರ್ಷಕ್ಕೆ ಎಷ್ಟು ಕ್ಷಯಿಸಬೇಕು?

೪. ನಿಮಗೆ ಪ್ರಿಯವಾದ ಕಥೆಯ ಕೊನೆಯನ್ನು ಕುರಿತು ಐದು ಪ್ರಶ್ನೆಗಳನ್ನು ಬರೆಯಿರಿ. ಯಾವುದಕ್ಕೆ ನಿಸರ್ಗ, ಯಾವುದಕ್ಕೆ ಕಥೆಯೊಳಗಿನ ಸಾಕ್ಷ್ಯ, ಯಾವುದಕ್ಕೆ ಕಥೆಗಾರ ಉತ್ತರ ಹೇಳಬೇಕೆಂದು ವಿಂಗಡಿಸಿರಿ.